ಇಪ್ಪತ್ತು ಹೆಜ್ಜೆಗೆ ನಿಲ್ಲುವ ಕುದುರೆ

ನನಗೆ ಕಾಯಿಲೆ ಬಂದ ವರ್ಷ ನನ್ನ ಮಗ, ಅಂದರೆ ನಿಮ್ಮ ಅಪ್ಪ, ಬೀದಿಗೆಲ್ಲ ಹೇಳಿದ್ದು ಅಪೆಂಡಿಕ್ಸ್ ಎಂದು. ಆಮೇಲೆ ನನ್ನ ತಲೆಕೂದಲು ಉದುರಿತು. ಅಪೆಂಡಿಕ್ಸ್‌ಗೆ ಕೂದಲು ಯಾಕೆ ಉದುರುತ್ತದೆ ಎಂದು ಯಾರಾದರೂ ಕೇಳಿಯಾರೆಂದು ಹೆದರಿ, ಅಮ್ಮ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಳು ಎಂದು ಇನ್ನೊಂದು ಸುಳ್ಳು ಹೇಳಿದ. ಮುಡಿ ಕೊಟ್ಟು ಬಂದವರ ಮನೆಗೆ ಪ್ರಸಾದಕ್ಕೆ ಹೋಗದೆ ಬಿಡುವವರು ಗುಬ್ಬಿಯಲ್ಲಿ ಯಾರಿದ್ದಾರೆ? ಮೂರು ಮನೆಯವರು ಬಂದು ಕೂತರು. ನಿಮ್ಮ ಅಮ್ಮ ಸುಮ ಹಿಂಬಾಗಿಲಿನಿಂದ ಓಡಿಹೋಗಿ ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಯಿಂದ ಲಾಡು ತಂದು, ಪುಡಿ ಮಾಡಿ, ಮೇಲೊಂದು ತುಳಸಿ ದಳ ಇಟ್ಟು ಹಂಚಿದಳು. ಎಲ್ಲರೂ ಕಣ್ಣಿಗೊತ್ತಿಕೊಂಡು ತಿಂದರು.

"ಏನೇ ಅನ್ನಿ, ಸ್ವಾಮಿ ಪ್ರಸಾದದ ರುಚಿ ಬೇರೆ ಕಡೆ ಬರಕಿಲ್ಲ ಬುಡಿ" ಎಂದಳು ಎದುರುಮನೆಯಾಕೆ.

ಒಳಗಿನ ಕೋಣೆಯಲ್ಲಿ ಬಕೆಟ್ ಮುಂದಿಟ್ಟುಕೊಂಡು ವಾಂತಿ ಮಾಡುತ್ತಿದ್ದ ನನಗೆ ಆ ಮಾತು ಕೇಳಿ ನಗು ಬಂತು. ವಾಂತಿ ಮತ್ತು ನಗು ಒಟ್ಟಿಗೆ ಬಂದರೆ ಎಷ್ಟು ಕಷ್ಟ ಎನ್ನುವುದು ಅನುಭವಿಸಿದವರಿಗೇ ಗೊತ್ತು.

ಸಿಂಚನ, ತೇಜಸ್, ಆಗ ನಿಮ್ಮಿಬ್ಬರಿಗೂ ಅದೇ ಸುಳ್ಳು ಹೇಳಿದ್ದರು. ನೀವಿನ್ನೂ ಚಿಕ್ಕವರು. ಈಗ ದೊಡ್ಡವರಾಗುತ್ತಿದ್ದೀರಿ, ಅದಕ್ಕೆ ನಿಜವನ್ನು ನಾನೇ ಬರೆದಿಡುತ್ತಿದ್ದೇನೆ. ನನಗೆ ಮಾತು ಬರುವುದಿಲ್ಲ. ನಾಲ್ಕು ಜನರೆದುರು ನಿಂತರೆ ಸೆರಗಿನ ತುದಿ ತಿರುಚುತ್ತಾ ನೆಲ ನೋಡುವವಳು ನಾನು. ಏಳನೇ ತರಗತಿಯವರೆಗೆ ಊರಿನ ಸ್ಕೂಲಿನಲ್ಲಿ ಓದಿದ್ದರಿಂದ ಬರೆಯಲು ಮಾತ್ರ ಬರುತ್ತದೆ. ಕಾಗದ ನನ್ನ ಮುಖ ನೋಡುವುದಿಲ್ಲ, ಅದೇ ಒಂದು ಅನುಕೂಲ.

ಮೊದಲು ಕುದುರೆಯ ವಿಷಯ ಹೇಳಬೇಕು. ಅದಿಲ್ಲದೆ ಕಾಯಿಲೆಯ ಕಥೆ ಹೇಳಲು ನನಗೆ ಬರುವುದಿಲ್ಲ.

ನನ್ನ ಅಪ್ಪ ಕುಣಿಗಲ್ಲಿನಲ್ಲಿ ಜಟಕಾ ಹೊಡೆಯುತ್ತಿದ್ದ. ಬಸ್ಸಿಳಿದವರನ್ನು ಸುತ್ತಲಿನ ಹಳ್ಳಿಗಳಿಗೆ ಮುಟ್ಟಿಸುವುದು ಅವನ ಕೆಲಸ. ಗಾಡಿ ಕಟ್ಟುವ ಮುಂಚೆ ಬೆಳಗ್ಗೆ ಕುದುರೆಯ ಮೈ ತೊಳೆಯಲು ಕೆರೆಗೆ ಒಯ್ಯಬೇಕಿತ್ತು, ಅದು ನನ್ನ ಪಾಲಿನ ಕೆಲಸ. ಜೀನು ಇರಲಿಲ್ಲ. ಕುತ್ತಿಗೆಯ ಜೂಲುಗೂದಲು ಹಿಡಿದು, ಬರಿ ಬೆನ್ನ ಮೇಲೆ ಕೂತು, ಕೆರೆ ಏರಿಯ ಮೇಲೆ ಓಡಿಸುತ್ತಿದ್ದೆ. ಅಲ್ಲಿ ಮಾತ್ರ ನನಗೆ ನಾಚಿಕೆ ಇರಲಿಲ್ಲ. ನಾನು ದೊಡ್ಡವಳಾದ ದಿನ ಅಜ್ಜಿ, "ಇನ್ನು ಕುದುರೆ ಗಿದುರೆ ಎಲ್ಲ ಸಾಕು ಕಣೇ" ಎಂದಳು. ಅಲ್ಲಿಗೆ ಮುಗಿಯಿತು. ಮುಂದೆ ಆಟೋಗಳು ಬಂದವು, ಅಪ್ಪ ಕುದುರೆ ಮಾರಿದ, ನನ್ನನ್ನು ಗುಬ್ಬಿಗೆ ಮದುವೆ ಮಾಡಿ ಕೊಟ್ಟ.

ಇಲ್ಲಿ ನನ್ನ ಅತ್ತೆಗೆ ನನ್ನ ಹೆಸರು ಬಾಯಿಗೆ ಬರುತ್ತಿರಲಿಲ್ಲ. "ಲದ್ದಿ ಬಾಚೋನ ಮಗಳು" ಎಂದೇ ಕರೆಯುತ್ತಿದ್ದಳು. ಮನೆ ತುಂಬ ಸಗಣಿ ಸಾರಿಸಿ ಮಡಿ ಎನ್ನುವವರಿಗೆ ಕುದುರೆಯ ಲದ್ದಿ ಕಂಡರೆ ಯಾಕೆ ಅಷ್ಟು ಅಸಹ್ಯವೋ ನನಗೆ ತಿಳಿಯದು. ನಿಮ್ಮ ತಾತ ಕೆಟ್ಟವರಲ್ಲ. ಆದರೆ ಅಮ್ಮನ ಮಾತಿಗೆ ನಗುತ್ತಿದ್ದರು. ನಲವತ್ತು ವರ್ಷ ನಾನು ಕುದುರೆ ಎಂಬ ಶಬ್ದವನ್ನು ಈ ಮನೆಯಲ್ಲಿ ಎತ್ತಲಿಲ್ಲ. ಅವರು ತೀರಿಕೊಂಡ ಮೇಲೂ ಎತ್ತಲಿಲ್ಲ. ಬಾಯಿ ಮುಚ್ಚಿಕೊಂಡಿರುವುದೂ ಒಂದು ಚಟ.

ಆ ಚಟವೇ ನನ್ನನ್ನು ಮುಗಿಸುವುದರಲ್ಲಿತ್ತು.

ಎದೆಯ ಎಡಗಡೆ ಗಂಟು ಕಂಡಾಗ ನನಗೆ ಅರವತ್ತೊಂದು. ಅಪ್ಪ ಕುದುರೆಯ ಮೈಯಲ್ಲಿ ಗಂಟು ಕಂಡರೆ ಎರಡು ಬೆರಳಿನಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದ. ಅಲ್ಲಾಡಿದರೆ "ಕೊಬ್ಬು" ಎಂದು ಬಿಟ್ಟುಬಿಡುತ್ತಿದ್ದ. ಅಲ್ಲಾಡದಿದ್ದರೆ ಮುಖ ಗಂಟಿಕ್ಕಿ ಡಾಕ್ಟರನ್ನು ಕರೆಯುತ್ತಿದ್ದ. ನಾನು ಬಚ್ಚಲಲ್ಲಿ ನಿಂತು ಎರಡು ಬೆರಳಿನಲ್ಲಿ ಹಿಡಿದೆ. ಅಲ್ಲಾಡಲಿಲ್ಲ. ಅಪ್ಪನ ಲೆಕ್ಕ ಸರಿಯೋ ತಪ್ಪೋ, ನಿಮ್ಮ ಅಜ್ಜಿಗೆ ಅವತ್ತೇ ಗೊತ್ತಾಗಿತ್ತು. ಏನೂ ತಿಳಿಯದ ಹಳ್ಳಿ ಹೆಂಗಸು, ಅದಕ್ಕೇ ತಡ ಮಾಡಿದಳು ಎಂದು ನಿಮ್ಮ ಅಪ್ಪ ಹೇಳುತ್ತಾನಲ್ಲ, ಅದೂ ಸುಳ್ಳು. ತಿಳಿದೂ ತಿಳಿದೂ ತಡ ಮಾಡಿದೆ.

ಊರಿನ ಡಾಕ್ಟರ ಹತ್ತಿರ ಹೋದೆ. ಹೆಸರು ಬರೆಯುವುದಿಲ್ಲ, ಈಗ ಅವರೂ ಇಲ್ಲಿಲ್ಲ.

"ಏನಾಗ್ತಿದೆಯಮ್ಮ?" ಎಂದರು.

"ರಟ್ಟೆ ನೋವು" ಎಂದೆ.

"ಎಡಗಡೆನಾ?"

"ಹೂಂ."

ರಟ್ಟೆಯನ್ನೂ ಅವರು ಮುಟ್ಟಿ ನೋಡಲಿಲ್ಲ. ಒಂದು ಕಣ್ಣು ಮೊಬೈಲಿನ ಮೇಲೆ, ಒಂದು ಕೈ ಚೀಟಿಯ ಮೇಲೆ. ಇಂಜೆಕ್ಷನ್ ಕೊಟ್ಟರು, ಮುಲಾಮು ಬರೆದರು. ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಮತ್ತೆ ರಟ್ಟೆ, ಮತ್ತೆ ಮುಲಾಮು. ಆರು ತಿಂಗಳು ಹೀಗೇ ನಡೆಯಿತು. ಸುಳ್ಳು ಹೇಳುವ ರೋಗಿ, ನೋಡದೆ ಬರೆಯುವ ಡಾಕ್ಟರು, ಇಬ್ಬರದ್ದೂ ಒಳ್ಳೆ ಜೋಡಿ.

ನಮ್ಮ ಹಸುವಿಗೆ ಕೆಚ್ಚಲು ಬಾವು ಬಂದಾಗ ಪಶುವೈದ್ಯರು ಬಂದು ಬೀದಿಯಲ್ಲೇ ಕೇಳುತ್ತಾರೆ, ನಾವು ಬೀದಿಯಲ್ಲೇ ಗಟ್ಟಿಯಾಗಿ ಹೇಳುತ್ತೇವೆ. ಯಾವ ಮೊಲೆ, ಎಷ್ಟು ದಿನದಿಂದ, ಹಾಲು ಬರುತ್ತದೋ ರಕ್ತ ಬರುತ್ತದೋ, ಎಲ್ಲ. ಪಕ್ಕದಲ್ಲಿ ಗಂಡಸರು ನಿಂತಿರುತ್ತಾರೆ, ಯಾರೂ ತಲೆ ತಗ್ಗಿಸುವುದಿಲ್ಲ. ಹಸುವಿಗೆ ಇರುವ ಮರ್ಯಾದೆಯನ್ನು ನಾನು ನನಗೆ ಕೊಟ್ಟುಕೊಳ್ಳಲಿಲ್ಲ. ಬೇರೆಯವರನ್ನು ಬೈಯುವ ಮುಂಚೆ ಇದನ್ನು ಬರೆದಿಡಬೇಕು ಅನ್ನಿಸಿತು. ನನಗೆ ಎಲ್ಲರಿಗಿಂತ ಹೆಚ್ಚು ಹೇಸಿಗೆ ಬರುವುದು ಆ ಆರು ತಿಂಗಳ ನನ್ನ ಮೇಲೆಯೇ.

ಕೊನೆಗೆ ಕಂಡುಹಿಡಿದವಳು ನಿಮ್ಮ ಅಮ್ಮ. ಒಂದು ಮಧ್ಯಾಹ್ನ ನನ್ನ ರಟ್ಟೆಗೆ ಎಣ್ಣೆ ತಿಕ್ಕುತ್ತಾ ಕೂತಿದ್ದವಳ ಕೈ ಕಂಕುಳಿನ ಹತ್ತಿರ ಬಂದು ನಿಂತಿತು. ಅಲ್ಲಿಂದ ಮುಂದಕ್ಕೆ ಬಂತು. ನಾನು ಸೆರಗು ಎಳೆದುಕೊಂಡೆ.

"ಅತ್ತೆ, ಇದು ರಟ್ಟೆ ಅಲ್ಲ" ಎಂದಳು ಸುಮ.

ನಾನು ಗೋಡೆ ನೋಡಿದೆ.

"ಎಷ್ಟು ದಿನ ಆಯ್ತು? ಅತ್ತೆ, ನಿಮ್ಮನ್ನೇ ಕೇಳ್ತಿರೋದು."

"ಗೌರಿ ಹಬ್ಬದಿಂದ" ಎಂದೆ. ಆಗ ಯುಗಾದಿ ಹತ್ತಿರ ಬಂದಿತ್ತು.

ಅವಳು ಬೈಯಲಿಲ್ಲ, ಅಳಲಿಲ್ಲ. ಕೈ ತೊಳೆದುಕೊಂಡು ಬಂದು ನಿಮ್ಮ ಅಪ್ಪನಿಗೆ ಫೋನ್ ಮಾಡಿದಳು. ಈ ಕಥೆಯಲ್ಲಿ ನಾನು ಹಂಗಿಸದೆ ಬಿಡುವ ಮನುಷ್ಯರು ಬಹಳ ಕಡಿಮೆ. ಅವಳು ಒಬ್ಬಳು.

ತುಮಕೂರಿನ ದೊಡ್ಡ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ರಿಪೋರ್ಟು ಬಂದ ದಿನ ಡಾಕ್ಟರು ನಿಮ್ಮ ಅಪ್ಪ ನಾಗರಾಜನನ್ನು ಮಾತ್ರ ಒಳಗೆ ಕರೆದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. "ಪೇಷೆಂಟ್‌ಗೆ ಈಗಲೇ ಹೇಳ್ಬೇಡಿ, ಹೆದರ್ಕೋತಾರೆ" ಎಂದದ್ದು ಹೊರಗೆ ಕೂತ ನನಗೆ ಚೆನ್ನಾಗಿ ಕೇಳಿಸಿತು. ಮೊಲೆ ನನ್ನದು, ಗಂಟು ನನ್ನದು, ಸುದ್ದಿ ಮಾತ್ರ ಗುಬ್ಬಿ ತಾಲ್ಲೂಕು ಕಚೇರಿಯ ಗುಮಾಸ್ತನಾದ ನನ್ನ ಮಗನದು. ನಾಗ ಹೊರಗೆ ಬಂದು ನನ್ನ ಮುಖ ನೋಡದೆ, "ಏನಿಲ್ಲಮ್ಮ, ಸಣ್ಣ ಗಂಟು. ತೆಗೆದುಹಾಕ್ತಾರೆ" ಎಂದ. ಅವನ ಕಿವಿ ಕೆಂಪಾಗಿತ್ತು. ಚಿಕ್ಕಂದಿನಲ್ಲಿ ಬೆಲ್ಲ ಕದ್ದು ತಿಂದಾಗಲೂ ಹೀಗೇ ಆಗುತ್ತಿತ್ತು.

ಆ ಕಾಯುವ ಕೋಣೆಯನ್ನು ನಾನು ಮರೆಯುವುದಿಲ್ಲ. ಗೋಡೆಯ ಮೇಲೊಂದು ಟೀವಿ. ಯಾವಾಗ ನೋಡಿದರೂ ಅದರಲ್ಲಿ ಒಬ್ಬಳು ತುಪ್ಪದಲ್ಲಿ ಏನೋ ಕರಿಯುತ್ತಿರುತ್ತಾಳೆ. ಕೆಳಗೆ ನೀರು ಕುಡಿದರೂ ಹೊಟ್ಟೆ ತೊಳೆಸುವ ನಲವತ್ತು ಜನ. ಅದನ್ನು ಆರಿಸಿ ಎಂದು ಕೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಹೊತ್ತು ಹೋಗಲೆಂದು ನಾನು ಡಾಕ್ಟರುಗಳ ನಡಿಗೆ ನೋಡುತ್ತಿದ್ದೆ. ಕುದುರೆಯನ್ನು ಮುಖ ನೋಡಿ ಕೊಳ್ಳಬೇಡ, ಕಾಲು ನೋಡಿ ಕೊಳ್ಳು ಎನ್ನುತ್ತಿದ್ದ ಅಪ್ಪ. ಆ ಪ್ರಕಾರ ನೋಡಿದರೆ ಅಲ್ಲಿದ್ದ ದೊಡ್ಡ ಡಾಕ್ಟರುಗಳಲ್ಲಿ ಇಬ್ಬರನ್ನು ಅಪ್ಪ ಗಾಡಿಗೆ ಕಟ್ಟುತ್ತಿರಲಿಲ್ಲ.

ಪಕ್ಕದ ಕುರ್ಚಿಗೆ ಗೂಳೂರಿನ ಒಬ್ಬ ಹೆಂಗಸು ಬರುತ್ತಿದ್ದಳು. ಮೊದಲನೇ ದಿನವೇ ಅವಳು, "ನಿಮಗೆ ಎಲ್ಲಿ ಅಕ್ಕಾ?" ಎಂದಳು. ನಾನು ಅಭ್ಯಾಸಬಲದಿಂದ "ರಟ್ಟೆ" ಎಂದೆ. ಅವಳು ಇಡೀ ಕೋಣೆಗೆ ಕೇಳುವಂತೆ ನಕ್ಕಳು.

"ರಟ್ಟೆಗೆ ಈ ಆಸ್ಪತ್ರೆಗ್ಯಾಕ್ ಬತ್ತಿದ್ರಿ? ನಂದು ಮೊಲೆ ಕ್ಯಾನ್ಸರ್ರು ಕಣಕ್ಕ. ನಿಮ್ದೂ ಅದೇಯ."

ಕ್ಯಾನ್ಸರ್ ಎಂಬ ಮಾತನ್ನು ನನ್ನೆದುರು ಮೊದಲು ಹೇಳಿದವಳು ಅವಳು. ಮನೆಯಲ್ಲಿ ಎಲ್ಲರೂ "ಅದು" ಎನ್ನುತ್ತಿದ್ದರು. ಅವಳು ಹೇಳಿದ ಕ್ಷಣ ನನಗೆ ಭಯದ ಜೊತೆ ಒಂದು ನೆಮ್ಮದಿಯೂ ಆಯಿತು. ಕೀಮೋ ದಿನಗಳಲ್ಲಿ ಅವಳು ಸೆರಗಿನಲ್ಲಿ ಒಂದು ನಿಂಬೆಹಣ್ಣು ಗಂಟು ಹಾಕಿಕೊಂಡು ಬಂದು, ಉಗುರಿನಿಂದ ಗೀರಿ, ನನ್ನ ಮೂಗಿಗೆ ಹಿಡಿಯುತ್ತಿದ್ದಳು. ಒಂದು ದಿನ ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ. ಅವಳ ಹೆಸರು ಕೇಳಲು, ಫೋನ್ ನಂಬರು ಕೇಳಲು ನಾನು ನಾಚಿಕೊಂಡಿದ್ದೆ. ಇದ್ದಾಳೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.

ಎಡಗಡೆಯದನ್ನು ತೆಗೆದರು. ಮನೆಗೆ ಬಂದ ಮೇಲೆ ನೋಡಲು ಬರುವವರ ಕಾಟ ಶುರುವಾಯಿತು. ಸುದ್ದಿ ಅಪೆಂಡಿಕ್ಸ್ ಎಂದಿದ್ದರೂ ನೆಂಟರಿಗೆ ನಿಜ ಗೊತ್ತಿತ್ತು. ಪ್ರತಿಯೊಬ್ಬರೂ ಒಂದು ಚಿಪ್ಪು ಬಾಳೆಹಣ್ಣು, ಒಂದು ಸತ್ತವರ ಕಥೆ ತರುತ್ತಿದ್ದರು. ಎಲ್ಲರಿಗಿಂತ ಮುಂದೆ ನನ್ನ ನಾದಿನಿ ಕಮಲ, ಇದೇ ಊರಲ್ಲಿ ಎರಡು ಬೀದಿ ಆಚೆ ಇರುವವಳು.

"ನಮ್ಮ ಓರಗಿತ್ತಿ ಅಕ್ಕಂಗೂ ಹಿಂಗೇ ಆಗಿತ್ತು ಅತ್ತಿಗೆ. ಪಾಪ, ಮೂರು ತಿಂಗಳೂ ಇರ್ಲಿಲ್ಲ. ನೀವು ಮಾತ್ರ ಧೈರ್ಯವಾಗಿರ್ಬೇಕು."

ಮಾತಾಡುತ್ತಾ ಅವಳ ಕಣ್ಣು ನನ್ನ ಮುಖದ ಮೇಲೆ ಇರುತ್ತಿರಲಿಲ್ಲ. ನನ್ನ ಸೆರಗಿನ ಎಡಭಾಗ ಎಷ್ಟು ತಗ್ಗಾಗಿದೆ ಎಂದು ಅಳೆಯುತ್ತಿತ್ತು. ನಾನು ಗೋಡೆ ಕಡೆ ತಿರುಗಿ ಮಲಗಿ ನಿದ್ದೆ ಬಂದವಳಂತೆ ನಟಿಸುತ್ತಿದ್ದೆ. ನಾಚಿಕೆ ಸ್ವಭಾವದವರ ಆಯುಧ ಅದೊಂದೇ.

ಕೀಮೋ ಆದ ಮೇಲೆ ಕರೆಂಟು ಕೊಡಬೇಕು ಎಂದರು. ನಮ್ಮ ಕಡೆ ಎಲ್ಲರೂ ರೇಡಿಯೇಷನ್ನಿಗೆ ಕರೆಂಟು ಎಂದೇ ಅನ್ನುವುದು. ವಾರಕ್ಕೆ ಐದು ದಿನ, ಐದು ವಾರ. ನಾಗ ತುಮಕೂರಿಗೆ ಕರೆದುಕೊಂಡು ಹೋಗಿ ಬಿಟ್ಟು, ಆಚೀಚೆ ಕೆಲಸ ಮುಗಿಸಿ ಬರುತ್ತಿದ್ದ. ಯಂತ್ರದ ಕೆಳಗೆ ಮಲಗುವುದು ನಾಲ್ಕು ನಿಮಿಷ, ಕಾಯುವುದು ಮೂರು ತಾಸು. ಟೀವಿಯ ಕರಿಯುವವಳನ್ನು ತಡೆಯಲಾರದೆ ನಾನೊಂದು ದಿನ ಹೊರಗೆ ಬಂದೆ. ಆಸ್ಪತ್ರೆಯ ಎದುರಿನ ಖಾಲಿ ಸೈಟಿನಲ್ಲಿ, ಹೊಂಗೆ ಮರದ ಕೆಳಗೆ, ಒಂದು ಬಿಳಿ ಕುದುರೆ ಕಟ್ಟಿತ್ತು.

ರಸ್ತೆ ದಾಟಿದ್ದು ನೆನಪಿಲ್ಲ. ಹತ್ತಿರ ನಿಂತಾಗ ಆ ವಾಸನೆ ಬಂತು. ಬೆವರು, ಹುರುಳಿ, ಲದ್ದಿ. ಕೀಮೋ ಶುರುವಾದ ಮೇಲೆ ಮಲ್ಲಿಗೆಯಿಂದ ಹಿಡಿದು ಒಗ್ಗರಣೆವರೆಗೆ ಎಲ್ಲ ವಾಸನೆಗೂ ಹೊಟ್ಟೆ ತೊಳೆಸುತ್ತಿತ್ತು. ಇದೊಂದಕ್ಕೆ ತೊಳೆಸಲಿಲ್ಲ. ಲದ್ದಿ ಬಾಚೋನ ಮಗಳಲ್ಲವೇ.

ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವ ಹೆಣ್ಣು ಕುದುರೆ ಅದು. ಮಾಲೀಕರು ಅಮೀರ್ ಸಾಬರು, ನನ್ನದೇ ವಯಸ್ಸಿನವರು. ಅವರು ದೂರದಿಂದಲೇ, "ಹಿಂದಕ್ಕೆ ನಿಂತ್ಕಳಮ್ಮಾ, ಒದ್ದಾಳು" ಎಂದರು.

"ಒದೆಯಕ್ಕೆ ಅವಳಿಗೆಲ್ಲಿ ಶಕ್ತಿ? ಮುಂಗಾಲು ನೋಯ್ತಾ ಇದೆ. ಎಡಗಡೇದು. ಲಾಳ ಸಡಿಲ ಆಗಿದೆ" ಎಂದೆ.

ಹೇಳಿದವಳು ನಾನೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಗಂಟನ್ನು ಆರು ತಿಂಗಳು ಹೇಳಲಾರದವಳು, ಗುರುತಿಲ್ಲದ ಗಂಡಸಿನ ಎದುರು, ಗುರುತಿಲ್ಲದ ಕುದುರೆಯ ನೋವನ್ನು ಒಂದೇ ಉಸಿರಿಗೆ ಹೇಳಿದ್ದೆ.

ಸಾಬರು ಬಗ್ಗಿ ಕಾಲೆತ್ತಿ ನೋಡಿದರು. "ಯಾ ಅಲ್ಲಾ! ಎರಡು ದಿನದಿಂದ ಸೋಮಾರಿ ಅಂತ ಬೈತಿದ್ದೆ ಇವಳನ್ನ. ನೀವು ಯಾರಮ್ಮ?"

"ಕುಣಿಗಲ್ ಜಟಕಾ ಹೊಡೀತಿದ್ದೋರ ಮಗಳು."

ಆ ಮಾತನ್ನು ನಾನು ತಲೆ ಎತ್ತಿ ಹೇಳಿದ್ದು ಜೀವನದಲ್ಲಿ ಅದೇ ಮೊದಲು.

ಕುದುರೆಯ ಹೆಸರು ಬಿಜಲಿ. ಮಿಂಚು ಎಂದು ಹೆಸರಿಟ್ಟುಕೊಂಡ ಪ್ರಾಣಿ ಇಪ್ಪತ್ತು ಹೆಜ್ಜೆ ನಡೆದರೆ ತಾನಾಗಿ ನಿಂತುಬಿಡುತ್ತದೆ. ಮೆರವಣಿಗೆಯಲ್ಲಿ ಮುಂದೆ ಕುಣಿಯುವವರಿಗಾಗಿ ನಿಂತು ನಿಂತು ಬಂದ ಅಭ್ಯಾಸ. ಕುಣಿತಕ್ಕೆ ಸಾಕಾಗುವಷ್ಟು ಹೊತ್ತು ನಿಂತು, ಮತ್ತೆ ಇಪ್ಪತ್ತು ಹೆಜ್ಜೆ. ಮುಂದೆ ಯಾರೂ ಇಲ್ಲದಿದ್ದರೂ ಅಷ್ಟೇ.

ಅಂದಿನಿಂದ ದಿನವೂ ಬಾಳೆಹಣ್ಣು ಒಯ್ದೆ. ನೆಂಟರು ತಂದು ಸುರಿದದ್ದೆಲ್ಲ ಬಿಜಲಿಯ ಹೊಟ್ಟೆಗೆ ಹೋಯಿತು. ಸತ್ತವರ ಕಥೆಗಳನ್ನೂ ಹಾಗೆ ತಿನ್ನಿಸಬಹುದಾಗಿದ್ದರೆ ಚೆನ್ನಾಗಿತ್ತು. ಆಪರೇಷನ್ ಆದ ಕೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ವ್ಯಾಯಾಮ ಹೇಳಿಕೊಡುವ ಹುಡುಗಿ, "ಆ ಕೈಯಲ್ಲೇ ತಲೆ ಬಾಚ್ಕೊಳ್ಳಿ ಆಂಟಿ" ಎಂದಳು, ನನ್ನ ಬೋಳು ತಲೆ ನೋಡಿಕೊಂಡೇ. ಪಾಪ, ಬಾಯಿಪಾಠ ಮಾಡಿದ್ದಳು. ನಾನು ಆ ಕೈಯಲ್ಲಿ ಬಿಜಲಿಯ ಮೈ ತಿಕ್ಕಿದೆ. ಮೊದಲ ವಾರ ಅವಳ ಹೊಟ್ಟೆಯವರೆಗೆ ಎಟುಕಿತು. ಮೂರನೇ ವಾರ ಪಕ್ಕೆ. ಕರೆಂಟು ಮುಗಿಯುವ ದಿನ, ಎದೆಯ ಚರ್ಮ ಸುಟ್ಟ ರೊಟ್ಟಿಯ ಹಾಗೆ ಕಪ್ಪಾಗಿದ್ದರೂ, ಕೈ ಅವಳ ಬೆನ್ನ ಮೇಲಿತ್ತು.

ಸಾಬರಿಗೆ ಅವಳನ್ನು ಇಟ್ಟುಕೊಳ್ಳುವುದು ಕಷ್ಟವಾಗಿತ್ತು. ಈಗಿನವರಿಗೆ ದೀಪ ಹಾಕಿದ ಸಾರೋಟು ಬೇಕಂತೆ. ಅವಳನ್ನು ಮಾರುತ್ತೇನೆ ಎಂದರು. "ನನಗೆ ಕೊಡಿ" ಎಂದೆ. ಕೊಬ್ಬರಿ ಮಾರಿದ ನನ್ನ ಹಣ ನನ್ನ ಹತ್ತಿರವಿತ್ತು. ತೋಟದಲ್ಲಿ ಹಳೇ ಕೊಟ್ಟಿಗೆ ಖಾಲಿ ಇತ್ತು. ಅವರು ಒಪ್ಪಿ ಕೈ ಮುಗಿದರು.

ಮನೆಯಲ್ಲಿ ಹೇಳಿದೆ. ನಾಗ ಊಟದ ತಟ್ಟೆ ಸರಿಸಿದ.

"ಕುದ್ರೆನಾ? ಅಮ್ಮ, ನಿಂಗೇನಾದ್ರೂ ತಲೆಗೂ ಹತ್ತಿದ್ಯಾ ಅದು? ಡಾಕ್ಟ್ರು ಭಾರ ಎತ್ತಬೇಡಿ ಅಂದವ್ರೆ."

"ಕುದುರೆನ ನಾನ್ಯಾಕೆ ಎತ್ತಲೋ? ಅದೇ ನನ್ನ ಎತ್ತುತ್ತೆ."

ಸುಮ ನಗು ತಡೆಯಲು ಅಡುಗೆಮನೆಗೆ ಹೋದಳು. ನಾಗ ನಗಲಿಲ್ಲ. "ಈ ವಯಸ್ಸಲ್ಲಿ, ಈ ಸ್ಥಿತೀಲಿ, ಗಂಡ ಇಲ್ದೋಳು ಕುದ್ರೆ ಮೇಲೆ ಕೂತ್ರೆ ಊರವ್ರು ಏನಂತಾರೆ?" ಎಂದ. ಊರವರು! ಬೇಕರಿ ಲಾಡನ್ನು ತಿರುಪತಿಯದೆಂದು ಕಣ್ಣಿಗೊತ್ತಿಕೊಂಡ ಊರವರು!

ಅವನು ನನಗೆ ಹೇಳದೆ ಸಾಬರ ಹತ್ತಿರ ಹೋದ. ನಮ್ಮಮ್ಮನಿಗೆ ಏನಾದರೂ ಆದರೆ ನೀವೇ ಜವಾಬ್ದಾರಿ, ಪೊಲೀಸರಿಗೆ ಹೇಳುತ್ತೇನೆ ಎಂದು ಹೆದರಿಸಿ ಬಂದ. ಮಾರನೆಯ ವಾರ ಸಾಬರು ಫೋನಿನಲ್ಲಿ, "ಬೇಜಾರ್ ಮಾಡ್ಕಬೇಡಿ ಅಮ್ಮ. ತಿಪಟೂರಿನ ಒಬ್ಬರು ಮದುವೆಗೆ ಓಡಿಸೋರು ಕೇಳ್ತಾವ್ರೆ. ಅವರಿಗೇ ಕೊಟ್ಟುಬಿಡ್ತೀನಿ. ಭಾನುವಾರ ನಿಮ್ಮೂರಲ್ಲೇ ಮದುವೆ ಇದೆ, ಅಲ್ಲೇ ಬಂದು ನೋಡ್ಕಂಡು ಹೊಡ್ಕಂಡು ಹೋಗ್ತಾರೆ" ಎಂದರು.

ಕ್ಯಾನ್ಸರ್ ಎಂದಾಗ ಅಳದವಳು ಅವತ್ತು ಬಚ್ಚಲಲ್ಲಿ ಕೂತು ಅತ್ತೆ. ಬಿಜಲಿ ಹೋದರೆ ಆ ಹೊಂಗೆ ಮರ, ಆ ವಾಸನೆ, ಆ ಕೈ ಎಲ್ಲವೂ ಹೋಗಿ, ಮತ್ತೆ ಗೋಡೆ ಕಡೆ ತಿರುಗಿ ಮಲಗುವ ಮುದುಕಿಯಾಗುತ್ತೇನೆ ಎಂದು ನನಗೆ ಖಚಿತವಾಗಿತ್ತು.

ಭಾನುವಾರದ ಮದುವೆ ಯಾರದೆಂದುಕೊಂಡಿರಿ? ಕಮಲನ ಮಗಳ ಮಗನದು. ನೀವೂ ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದಿರಿ. ನಮ್ಮಲ್ಲಿ ವರನನ್ನು ಕುದುರೆ ಹತ್ತಿಸುವ ಪದ್ಧತಿಯೇ ಇರಲಿಲ್ಲ. ಮೊಬೈಲಿನಲ್ಲಿ ನೋಡಿ ಕಲಿತದ್ದು. ಬೆಳಗ್ಗೆ ದೇವಸ್ಥಾನದಿಂದ ಛತ್ರಕ್ಕೆ ಮೆರವಣಿಗೆ. ಕಮಲ ನನ್ನನ್ನು ಪಕ್ಕಕ್ಕೆ ಕರೆದು ಬಹಳ ನಯವಾಗಿ ಹೇಳಿದಳು.

"ಅತ್ತಿಗೆ, ತಪ್ಪು ತಿಳ್ಕಬೇಡಿ. ಹುಡುಗ ಕುದ್ರೆ ಹತ್ತೋ ಹೊತ್ತಲ್ಲಿ ನೀವು ಎದುರುಗಡೆ ಬರ್ಬೇಡಿ. ಜನ ಒಂದೊಂದು ಥರ ಇರ್ತಾರೆ."

ಹೊಸ ಪದ್ಧತಿಯನ್ನು ಮೊಬೈಲಿನಿಂದ ತಂದುಕೊಂಡವರು ಹಳೇ ಕೊಳಕನ್ನು ಮಾತ್ರ ಬಿಟ್ಟಿರಲಿಲ್ಲ. ನಾನು ಛತ್ರದ ಜಗಲಿಯ ಮೂಲೆಯಲ್ಲಿ, ಕಂಬದ ಹಿಂದೆ ನಿಂತೆ. ಅಲ್ಲಿ ನಿಂತಾಗಲೇ ನನಗೆ ಹೊಳೆದದ್ದು. ನಾನು ಎದುರು ಬಂದರೇ ಇಷ್ಟು ಅಪಶಕುನವಾದರೆ, ನಾನು ಕೂತ ಕುದುರೆ?

ವರ ಇಳಿಯುವವರೆಗೆ ಕಾದೆ. ಆ ಹುಡುಗ ನನಗೇನೂ ಮಾಡಿರಲಿಲ್ಲ. ಅವನಿಗೆ ಆರತಿ ಎತ್ತಿ, ಒಳಗೆ ಕರೆದುಕೊಂಡು ಹೋದರು. ಬಾಗಿಲಲ್ಲಿ ಅರ್ಧ ಊರು ಇನ್ನೂ ನಿಂತಿತ್ತು. ಬಿಜಲಿ ಜರಿ ಹೊದಿಕೆ ಹೊತ್ತು ಜಗಲಿಗೆ ತಾಗಿ ನಿಂತಿದ್ದಳು. ತಿಪಟೂರಿನವನು ಅವಳ ಹಲ್ಲು ನೋಡುತ್ತಿದ್ದ. ನಾನು ನಾಟಿ ಹಾಕುವವರಂತೆ ಸೀರೆ ಎತ್ತಿ ಕಚ್ಚೆ ಕಟ್ಟಿದೆ. ಕುದುರೆಯನ್ನು ಎಡಗಡೆಯಿಂದ ಹತ್ತಬೇಕು, ಎಡಗೈಯಲ್ಲಿ ಜೂಲು ಹಿಡಿಯಬೇಕು. ನನ್ನ ಎಡಗೈಗೆ ಆ ಬಲ ಇರಲಿಲ್ಲ. ಬಲಗಡೆಯಿಂದ, ಜಗಲಿಯ ಅಂಚಿನಿಂದ, ಬಲಗೈಯಲ್ಲಿ ಜೂಲು ಹಿಡಿದು ಕಾಲು ಹಾಕಿದೆ. ಬೇರೆ ಕುದುರೆಯಾಗಿದ್ದರೆ ಗಾಬರಿಯಾಗುತ್ತಿತ್ತು. ಅಡ್ಡದಿಡ್ಡಿ ಹತ್ತುವ ಎಷ್ಟು ಮದುಮಕ್ಕಳನ್ನು ನೋಡಿದ್ದಳೋ, ಬಿಜಲಿ ಕಿವಿ ಕೂಡ ಅಲ್ಲಾಡಿಸಲಿಲ್ಲ.

ವಾದ್ಯ ನಿಂತಿತು. ಐವತ್ತು ವರ್ಷದ ಮೇಲೆ ನಾನು ಕುದುರೆಯ ಮೇಲಿದ್ದೆ. ಒಂದಂಗುಲ ಬೆಳೆದ ಬಿಳಿ ಕೂದಲು, ಬರಿ ಹಣೆ, ತಗ್ಗಾದ ಎದೆ, ಎಲ್ಲವನ್ನೂ ಊರು ನೋಡುತ್ತಿತ್ತು. ಕಮಲ ಎದೆ ಬಡಿದುಕೊಂಡಳು.

"ಅಯ್ಯಯ್ಯೋ! ಇಳಿರೀ ಅತ್ತಿಗೆ! ನಿಮಗೇನು ಬಂದೈತೆ?"

ತಿಪಟೂರಿನವನು ಕುದುರೆಯ ಬಾಯಿ ಬಿಟ್ಟು ಹಿಂದೆ ಸರಿದ. "ಗಂಡ ಸತ್ತೋರು ಹತ್ತಿದ್ ಕುದ್ರೆನ ಇನ್ ಯಾವ ಮದುಮಗ ಹತ್ತಾನೆ? ನಂಗ್ ಬ್ಯಾಡ ಕಣ್ ಸಾಬ್ರೇ" ಎಂದ. ಅಮೀರ್ ಸಾಬರು ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಾರೆ ಎಂದುಕೊಂಡೆ. ಭುಜ ಕುಲುಕುತ್ತಿದ್ದದ್ದು ನಗುವಿನಿಂದ.

ನಾಗ ಓಡಿ ಬಂದ. "ಅಮ್ಮಾ, ಇಳಿಯಮ್ಮಾ. ಜನ ನೋಡ್ತಾವ್ರೆ."

"ನೋಡ್ಲಿ ಬುಡೋ. ಕೇಳಿದ್ರೆ ಅಪೆಂಡಿಕ್ಸ್ ಅಂತ ಹೇಳು" ಎಂದೆ.

ಹಿಮ್ಮಡಿ ತಾಗಿಸಿದೆ. ಬಿಜಲಿ ಇಪ್ಪತ್ತು ಹೆಜ್ಜೆ ನಡೆದು ನಿಂತಳು. ನನಗೆ ಮುಂದೇನೆಂದು ತಿಳಿಯಲಿಲ್ಲ, ಹಳೇ ನಾಚಿಕೆ ಕುತ್ತಿಗೆವರೆಗೆ ಏರಿ ಬಂತು. ಆಗ ಸಿಂಚನ, ನೀನು ಜನರ ನಡುವಿನಿಂದ ನುಗ್ಗಿ ಬಂದು ಕುದುರೆಯ ಮುಂದೆ ನಿಂತು ಕುಣಿಯಲು ಶುರು ಮಾಡಿದೆ. ಕುದುರೆ ನಿಂತರೆ ಕುಣಿಯಬೇಕು ಎಂದಷ್ಟೇ ನಿನಗೆ ಗೊತ್ತಿದ್ದದ್ದು. ಡೋಲಿನವನು ನಿನ್ನನ್ನು ನೋಡಿ ಎರಡು ಏಟು ಹಾಕಿದ. ನಿನಗೆ ನೆನಪಿದೆಯೋ ಇಲ್ಲವೋ, ಅದಕ್ಕೇ ಬರೆದಿದ್ದೇನೆ.

ಸಂಜೆ ಸಾಬರೇ ಬಿಜಲಿಯನ್ನು ತೋಟಕ್ಕೆ ಹೊಡೆದುಕೊಂಡು ಬಂದರು. ನಾಗ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಎಂಟನೇ ದಿನ ಬೆಳಗ್ಗೆ ನೋಡಿದರೆ ಕೊಟ್ಟಿಗೆಯ ಮುಂದೆ ಕಲ್ಲಿನ ಎರಡು ಮೆಟ್ಟಿಲು ಕಟ್ಟಿಸಿದ್ದ, ನನಗೆ ಹತ್ತಲು.

ಈಗ ಎರಡು ವರ್ಷವಾಯಿತು. ಆರು ತಿಂಗಳಿಗೊಮ್ಮೆ ಚೆಕಪ್ ಇದೆ. ಹಿಂದಿನ ದಿನ ಈಗಲೂ ಅನ್ನ ಇಳಿಯುವುದಿಲ್ಲ. ಟೀವಿಯಲ್ಲಿ ಈಗಲೂ ಕರಿಯುತ್ತಿರುತ್ತಾರೆ, ಆದರೆ ಹೋದ ಸಲ ನಾನು ಎದ್ದು ಹೋಗಿ ಅದನ್ನು ಆರಿಸಿದೆ. ಬೆಳಗ್ಗೆ ಬಿಜಲಿಯ ಮೇಲೆ ತೋಟದ ಬೇಲಿ ದಾಟಿ ಊರಂಚಿನವರೆಗೆ ಹೋಗಿ ಬರುತ್ತೇನೆ. ಇಪ್ಪತ್ತು ಹೆಜ್ಜೆಗೆ ನಿಲ್ಲುವುದನ್ನು ಬಿಡಿಸಲು ಮೊದಲು ಪ್ರಯತ್ನಪಟ್ಟೆ. ಆಮೇಲೆ ಕೈಬಿಟ್ಟೆ. ನನ್ನ ಉಸಿರಿಗೂ ಅಷ್ಟೇ ದೂರ ಸರಿಯಾಗುತ್ತದೆ.

ಹೋದ ತಿಂಗಳು ಹಾಗೆ ನಿಂತದ್ದು ಕಮಲನ ಮನೆಯ ಹಿತ್ತಲಿನ ಬೇಲಿಯ ಪಕ್ಕ. ಮದುವೆಯ ದಿನದಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಅವತ್ತು ಪಾತ್ರೆ ತೊಳೆಯುತ್ತಿದ್ದವಳು ಎದ್ದು ಬೇಲಿಯ ಹತ್ತಿರ ಬಂದಳು. ಬಿಜಲಿ ನಿಂತಿದ್ದರಿಂದ ನಾನು ಮುಂದೆ ಹೋಗುವಂತಿರಲಿಲ್ಲ.

"ನಿಮ್ಮ ಹತ್ರ ಆ ಮುಲಾಮು ಇನ್ನೂ ಇದ್ಯಾ ಅತ್ತಿಗೆ? ರಟ್ಟೆ ನೋವು" ಎಂದಳು, ನೆಲ ನೋಡುತ್ತಾ, ಸೆರಗಿನ ತುದಿ ತಿರುಚುತ್ತಾ.

"ಯಾವ ಕಡೆ?"

"ಬಲಗಡೆ."

"ಎಷ್ಟು ದಿನದಿಂದ?"

ಅವಳು ಸೆರಗು ಬಿಗಿಯಾಗಿ ಎಳೆದುಕೊಂಡಳು. ನಾನು ಕುದುರೆಯಿಂದ ಇಳಿದೆ.

ಮಾರನೆಯ ದಿನ ಮೊದಲ ಬಸ್ಸಿಗೆ ಅವಳನ್ನು ತುಮಕೂರಿಗೆ ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ರಟ್ಟೆ, ರಟ್ಟೆ ಎನ್ನುತ್ತಲೇ ಇದ್ದಳು. ಆ ಕೋಣೆ ಎಂದಿನಂತೆ ತುಂಬಿತ್ತು. ಚೀಟಿ ಬರೆಯುವ ಹುಡುಗ ತಲೆ ಎತ್ತದೆ, "ಏನು ತೊಂದರೆ?" ಎಂದ. ಕಮಲ ನನ್ನ ಕೈ ಚಿವುಟಿದಳು.

"ಬಲಗಡೆ ಮೊಲೇಲಿ ಗಂಟು" ಎಂದೆ. ಕೊನೆಯ ಕುರ್ಚಿಯವರೆಗೆ ಕೇಳಿಸಿತು. ಹುಡುಗ ತಲೆ ಎತ್ತಿದ.

ಅವಳದು ನೀರು ತುಂಬಿದ ಗಂಟು, ಏನೂ ಭಯವಿಲ್ಲ ಎಂದರು. ಸೂಜಿ ಹಾಕಿ ನೀರು ತೆಗೆದು ಕಳಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಈಗ "ಅತ್ತಿಗೆ ನನ್ನ ಮಾನ ಕಳೆದಳು, ನೂರು ಜನರೆದುರು ಆ ಮಾತು ಅಂದಳು" ಎಂದು ಬೀದಿ ಬೀದಿ ಹೇಳಿಕೊಂಡು ತಿರುಗುತ್ತಿದ್ದಾಳೆ.

ತಿರುಗಲಿ. ತಿರುಗುವುದಕ್ಕೆ ಜೀವ ಇದೆಯಲ್ಲ.